ಏಳನೇ ಬಾಗಿಲಿನ ನಿನ್ನೆ

ಎರಡನೆಯ ಲಾಕ್‌ಡೌನಿನ ಜನವರಿ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತಿದ್ದಾಗ ನನ್ನ ಫೋನಿಗೆ ಒಂದು ನೋಟ್‌ಬುಕ್ಕಿನ ನಾಲ್ಕು ಪುಟಗಳ ಫೋಟೋ ಬಂತು. ಕಳಿಸಿದವರು ನಮ್ಮ ತಂಡದ ಹಿರಿಯರು, ಧಾರವಾಡದವರು. ನಾವೆಲ್ಲ ಅವರನ್ನು ಸರ್ ಅಂತಲೇ ಕರೆಯುತ್ತಿದ್ದೆವು. ಫೋಟೋದ ಕೆಳಗೆ ಎರಡೇ ಸಾಲು: “ನಂದು ಪಾಸಿಟಿವ್ ಬಂತು ತಮ್ಮಾ. ನಾಳಿಂದ ಒಂಬತ್ತೂ ಬಾಗಲಾ ನೀನಽ ಎಬ್ಬಿಸಬೇಕು.”

ಬಾಗಿಲು ಅಂದರೆ ವಿಮಾನ ನಿಲ್ದಾಣದ ಹತ್ತಿರದ ಒಂದು ಸರಕು ಗೋದಾಮಿನ ಬಾಗಿಲುಗಳು. ಲಾರಿಗಳು ರಿವರ್ಸ್‌ನಲ್ಲಿ ಬಂದು ಅವಕ್ಕೆ ಬೆನ್ನು ಕೊಟ್ಟು ನಿಲ್ಲುತ್ತವೆ. ಪ್ರತಿ ಬಾಗಿಲ ಮೇಲೆ ಒಂದು ದೊಡ್ಡ ಪರದೆ, ಅದರ ಹಿಂದೆ ಲಿನಕ್ಸ್ ಹಾಕಿದ ಒಂದು ಹಳೆಯ ಡೆಸ್ಕ್‌ಟಾಪ್. ಸರಕು ಜೋಡಿಸಿದ ಯಾವ ಪ್ಯಾಲೆಟ್ ಯಾವ ಲಾರಿಗೆ ಏರಬೇಕು ಎನ್ನುವುದನ್ನು ಆ ಪರದೆ ತೋರಿಸುತ್ತದೆ. ತೋರಿಸುವ ಪ್ರೋಗ್ರಾಮ್ ನೆದರ್ಲೆಂಡ್ಸಿನ ಹೂಫ್‌ಡಾರ್ಪ್‌ನಲ್ಲಿದ್ದ ನಮ್ಮ ಸಣ್ಣ ಕಂಪನಿಯದು. ಸಂಜೆ ಗೋದಾಮು ಮುಚ್ಚುವಾಗ ಬೆಂಕಿಯ ಭಯಕ್ಕೆ ಆ ಸಾಲಿನ ಮೇನ್ ಸ್ವಿಚ್ಚನ್ನೇ ಆರಿಸುತ್ತಿದ್ದರು. ಹಾಗಾಗಿ ಬೆಳಗ್ಗೆ ಐದೂವರೆಗೆ ಯಾರಾದರೂ ಹೋಗಿ ಒಂಬತ್ತೂ ಕಂಪ್ಯೂಟರ್ ಆನ್ ಮಾಡಿ, ಲಾಗಿನ್ ಆಗಿ, ನಾಲ್ಕೈದು ಕಮಾಂಡ್ ಕೊಟ್ಟು ಪರದೆಗಳನ್ನು ಹತ್ತಿಸಬೇಕಿತ್ತು. ಸರ್ ಎರಡು ವರ್ಷದಿಂದ ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ನಮಗೆ ಅದು ನಗೆಯ ವಿಷಯವಾಗಿತ್ತು. ಕೊರೋನಾಗೆ ಮುಂಚೆ ಅವರು ಗೋದಾಮಿನಿಂದ ನೇರ ಆಫೀಸಿಗೆ ಬಂದು, “ಒಂಬತ್ತು ಬಾಗಲದ ಮನಿ ಎಬ್ಬಿಸಿ ಬಂದೆ ನೋಡ್ರಿ,” ಎಂದು ಕಾಫಿ ಮಷೀನಿನ ಮುಂದೆ ನಿಲ್ಲುತ್ತಿದ್ದರು. “ಸುಪ್ರಭಾತ ಹೇಳಿದ್ರಾ ಸರ್?” ಎಂದು ನಾನು ಕೇಳುತ್ತಿದ್ದೆ. ಆಯುಧ ಪೂಜೆಯ ದಿನ ಒಂಬತ್ತೂ ಡಬ್ಬಿಗಳ ಬೆನ್ನಿಗೆ ಯಾರಿಗೂ ಕಾಣದಂತೆ ಕುಂಕುಮ ಇಟ್ಟು ಬರುತ್ತಿದ್ದರು. ಇಷ್ಟು ಚಿಕ್ಕ ಕೆಲಸವನ್ನು ಕಂಪ್ಯೂಟರಿಗೇ ವಹಿಸಬಹುದೆಂದು ಈ ಮನುಷ್ಯನಿಗೆ ಹೊಳೆದಿಲ್ಲವಲ್ಲ ಎಂದು ನಾನು ಒಳಗೊಳಗೇ ಅಂದುಕೊಳ್ಳುತ್ತಿದ್ದೆ. ನನಗಿಂತ ಹದಿನೈದು ವರ್ಷ ದೊಡ್ಡವರು, ಹಳೆ ಕಾಲದವರು ಎಂದು ಅದಕ್ಕೆ ನಾನೇ ಕಾರಣವನ್ನೂ ಕೊಟ್ಟುಕೊಂಡಿದ್ದೆ.

ಅವರ ಕಷ್ಟ ನನಗೆ ಗೊತ್ತಿರಲಿಲ್ಲ ಎಂದು ಹೇಳುವಂತಿಲ್ಲ. ಒಮ್ಮೆ ಬಸ್ಸಿನಲ್ಲಿ ಅವರೇ ಹೇಳಿದ್ದರು. ಅವರದು ಮೂರನೆಯ ತಾತ್ಕಾಲಿಕ ಕಾಂಟ್ರಾಕ್ಟ್, ಮಾರ್ಚ್ ಕೊನೆಗೆ ಮುಗಿಯುತ್ತಿತ್ತು. ಇಲ್ಲಿನ ಕಾನೂನಿನಂತೆ ಆಮೇಲೆ ಖಾಯಂ ಮಾಡಬೇಕು, ಇಲ್ಲವೇ ಬಿಡಬೇಕು. ಬಿಟ್ಟರೆ ನಮ್ಮಂಥ ಪರ್ಮಿಟ್ಟಿನವರಿಗೆ ಇನ್ನೊಂದು ಕೆಲಸ ಹುಡುಕಿಕೊಳ್ಳಲು ಮೂರು ತಿಂಗಳು, ಸಿಗದಿದ್ದರೆ ಗಂಟುಮೂಟೆ. ಅವರ ಮಗಳು ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಡೆಲ್ಫ್ಟ್‌ನಲ್ಲೇ ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಓದಬೇಕೆಂದು ಅವಳ ಹಟ. “ಗೋದಾಮಿನ ಸೂಪರ್‌ವೈಸರ್‌ಬಾಯಿ ನನ್ನ ಬಿಡಂಗಿಲ್ಲ ಬಿಡು,” ಎಂದಿದ್ದರು ಸರ್. “ನಾ ಬರಲಿಲ್ಲಂದ್ರ ಆಕಿಗೆ ಮುಂಜಾನಿ ಆಗೂದಿಲ್ಲ.”

ಸೋಮವಾರ ನಾನು ಮೊದಲ ಬಸ್ಸು ಹಿಡಿದೆ. ಡ್ರೈವರ್ ಹಿಂದೆ ಪ್ಲಾಸ್ಟಿಕ್ ಪರದೆ, ಕಿಟಕಿಯಾಚೆ ಕತ್ತಲು, ನನ್ನ ಜೊತೆ ಮಾಸ್ಕ್ ಹಾಕಿದ ಇಬ್ಬರೇ. ಗೋದಾಮಿನ ಸೂಪರ್‌ವೈಸರ್ ಎತ್ತರದ ಡಚ್ ಹೆಂಗಸು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ಅವರೆಲ್ಲಿ?” ಎಂದಳು. ಹೇಳಿದೆ. ಅವಳು ಹೋಗಿ ಮೇನ್ ಸ್ವಿಚ್ ಎತ್ತಿದಳು.

ನೋಟ್‌ಬುಕ್ಕಿನಲ್ಲಿ ಎಲ್ಲವೂ ಇತ್ತು. ಮೊದಲು ಒಂದನೇ ಬಾಗಿಲು, ಏಕೆಂದರೆ ಅದು ಸರ್ವರಿನಿಂದ ಪಟ್ಟಿ ತರುತ್ತದೆ, ಉಳಿದವು ಅದರಿಂದ ಪಡೆಯುತ್ತವೆ. ಲಾಗಿನ್. ನೆಟ್‌ವರ್ಕ್ ಬಂತೇ ನೋಡು. ತಾರೀಖು ನೋಡು. ಆಮೇಲೆ ಬಾಗಿಲ ನಂಬರ್ ಕೊಟ್ಟು ಪ್ರೋಗ್ರಾಮ್ ಶುರು ಮಾಡು. “ತಾರೀಖು ನೋಡು” ಎನ್ನುವುದರ ಕೆಳಗೆ ಎರಡು ಗೆರೆ ಎಳೆದಿತ್ತು. ನಾನು ಹಾಗೇ ಮಾಡಿದೆ. ಒಂದು ಗಂಟೆ ಹಿಡಿಯಿತು, ಬೆರಳು ಮರಗಟ್ಟಿದವು. “ಅವರು ನನ್ನ ಕಾಫಿ ಆರುವುದರೊಳಗೆ ಮುಗಿಸುತ್ತಿದ್ದರು,” ಎಂದಳು ಅವಳು.

ನಾಲ್ಕು ದಿನ ಹೀಗೆ ಹೋದೆ. ನನ್ನ ಹೆಂಡತಿಗೆ ಆಗ ಆರು ತಿಂಗಳು. ಅಮ್ಮಂದಿರು ಯಾರೂ ಬರುವಂತಿರಲಿಲ್ಲ, ವಿಮಾನವಿಲ್ಲ, ವೀಸಾ ಇಲ್ಲ. ನಾನು ಮನೆಗೆ ಬಂದೊಡನೆ ಬಟ್ಟೆಯೆಲ್ಲ ಮಷೀನಿಗೆ ಹಾಕಿ ಸ್ನಾನಕ್ಕೆ ಓಡುತ್ತಿದ್ದೆ. ನಾಲ್ಕನೆಯ ದಿನ ಅವಳು ಬಾಗಿಲ ಹಿಡಿಯನ್ನು ಒರೆಸುತ್ತಾ ತಲೆ ಎತ್ತದೆ ಹೇಳಿದಳು:

“ಆ ಗೋದಾಮಲ್ಲಿ ನಿನ್ನೆ ಇನ್ನಿಬ್ಬರಿಗೆ ಬಂತಂತಲ್ಲ.”

“ಹೂಂ. ಆದ್ರೆ ಅವರು ಬೇರೆ ಶಿಫ್ಟು.”

“ಅದಕ್ಕೆ ಶಿಫ್ಟ್ ಗೊತ್ತಾಗುತ್ತಾ? ಮನೇಲಿ ಕೂತು ಮಾಡೋಕೆ ಆಗಲ್ವಾ ಅದನ್ನ? ನೀನೇ ಹೇಳ್ತಿದ್ದೆ, ಅರ್ಧ ದಿನದ ಕೆಲಸ ಅಂತ.”

ಹೇಳಿದ್ದೆ. ಅರ್ಧ ದಿನದ ಕೆಲಸ ಎಂದು ಎಷ್ಟೋ ಸಲ ಹೇಳಿದ್ದೆ. ಆಡಿದ ಮಾತು ಆಡಿದವನ ತಲೆಗೇ ಬಂತು.

ಅಂಥದೇ ಒಂದು ಹಳೆಯ ಡೆಸ್ಕ್‌ಟಾಪನ್ನು ಊಟದ ಮೇಜಿನ ಮೇಲೆ ಇಟ್ಟುಕೊಂಡು ಶುರು ಮಾಡಿದೆ. ಕರೆಂಟ್ ಬಂದೊಡನೆ ಕಂಪ್ಯೂಟರ್ ತಾನೇ ಆನ್ ಆಗುವ ಆಯ್ಕೆ ಅದರ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ಇತ್ತು, ಅದು ಸುಲಭ. ಮುಂದೆ ನನ್ನ ಕಮಾಂಡುಗಳನ್ನು ಲಿನಕ್ಸಿನ ಒಳಗೇ ಇರುವ, ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್‌ಗೆ ಒಪ್ಪಿಸಿದೆ, “ಬೂಟ್ ಆದಾಗ ಓಡು” ಎಂದು. ಓಡಿತು, ಸತ್ತಿತು. ಲಾಗ್‌ನಲ್ಲಿ ಪರದೆ ಸಿಗಲಿಲ್ಲ ಎಂದು ಬರೆದಿತ್ತು. ಕ್ರಾನ್ ಎದ್ದಾಗ ಪರದೆಯ ಮೇಲಿನ ಡೆಸ್ಕ್‌ಟಾಪ್ ಇನ್ನೂ ಎದ್ದೇ ಇರಲಿಲ್ಲ. ಬೆಳಗಾಗುವ ಮುಂಚೆ ಬಂದ ಅತಿಥಿಯಂತೆ ಬಾಗಿಲು ತಟ್ಟಿ ವಾಪಸ್ಸು ಹೋಗಿತ್ತು.

ಎರಡನೆಯದು ಆಟೋಸ್ಟಾರ್ಟ್. ಬೋರ್ಡ್ ಎನ್ನುವ ಸಾಮಾನ್ಯ ಬಳಕೆದಾರನ ಹೆಸರಲ್ಲಿ ತಾನೇ ಲಾಗಿನ್ ಆಗುವಂತೆ ಮಾಡಿ, ಡೆಸ್ಕ್‌ಟಾಪ್ ತೆರೆದ ಮೇಲೆ ನನ್ನ ಸ್ಕ್ರಿಪ್ಟ್ ಓಡುವಂತೆ ಒಂದು ಪುಟ್ಟ ಫೈಲ್ ಇಟ್ಟೆ. ಊಟದ ಮೇಜಿನ ಮೇಲೆ ಹತ್ತಕ್ಕೆ ಹತ್ತು ಸಲ ಸರಿಯಾಗಿ ಬಂತು. ಗೋದಾಮಿನಲ್ಲಿ ಐದು ಪರದೆ ಖಾಲಿ. ಅಲ್ಲಿನ ನೆಟ್‌ವರ್ಕ್ ನಿಧಾನ, ಪ್ರೋಗ್ರಾಮ್ ಅವಸರ. ನಾನು ಆಗ ಎಲ್ಲ ಸೋಮಾರಿಗಳೂ ಮಾಡುವುದನ್ನೇ ಮಾಡಿದೆ. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ sleep 30 ಎಂದು ಬರೆದೆ. ಮೂವತ್ತು ಸೆಕೆಂಡ್ ಮಲಗು, ಅಷ್ಟರಲ್ಲಿ ನೆಟ್‌ವರ್ಕ್ ಬರುತ್ತದೆ. ಮರುದಿನ ಒಂಬತ್ತೂ ಹತ್ತಿದವು. ಸೂಪರ್‌ವೈಸರ್ ಮೆಚ್ಚುವಳೆಂದು ಅವಳ ಕಡೆ ನೋಡಿದೆ. ಅವಳು ಬೆನ್ನು ತಿರುಗಿಸಿ ಹೋದಳು.

ಒಂದನೇ ಬಾಗಿಲಿನ ಕಂಪ್ಯೂಟರಿನಲ್ಲಿ ಸರ್ ಅವರ ಸ್ವಂತ ಅಕೌಂಟೂ ಇತ್ತು. ಅಡ್ಮಿನ್ ಪಾಸ್‌ವರ್ಡ್ ನನ್ನ ಕೈಯಲ್ಲಿತ್ತು, ಅವರ ಫೋಲ್ಡರ್ ತೆರೆದು ನೋಡಬಹುದಿತ್ತು. ನೋಡಲಿಲ್ಲ. ಇನ್ನೊಬ್ಬರ ಫೋಲ್ಡರಿಗೆ ಕೈ ಹಾಕುವುದು ಇನ್ನೊಬ್ಬರ ಜೇಬಿಗೆ ಕೈ ಹಾಕಿದಂತೆ ಎಂದು ನನಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಆ ದಿನಗಳಲ್ಲಿ ನಾನು ಪಾಲಿಸಿದ ನೀತಿ ಅದೊಂದೇ ಇರಬೇಕು.

ಮೂರು ದಿನ ಮನೆಯಲ್ಲೇ ಇದ್ದೆ. ನಾಲ್ಕನೆಯ ಬೆಳಗ್ಗೆ ಏಳು ಗಂಟೆಗೆ ಸೂಪರ್‌ವೈಸರ್ ಫೋನ್ ಮಾಡಿದಳು. ಏಳನೇ ಬಾಗಿಲ ಪರದೆ ಹಿಂದಿನ ದಿನದ ಪಟ್ಟಿಯನ್ನೇ ತೋರಿಸಿತ್ತು. ಅದನ್ನು ನಂಬಿ ಹುಡುಗರು ಆಸ್ಪತ್ರೆಗೆ ಹೋಗಬೇಕಾಗಿದ್ದ ಔಷಧಿಯ ಎರಡು ಪ್ಯಾಲೆಟ್‌ಗಳನ್ನು ಹೂವಿನ ಲಾರಿಗೆ ಏರಿಸಿದ್ದರು. ಲಾರಿ ದಕ್ಷಿಣದ ಹೆದ್ದಾರಿಯಲ್ಲಿ ಅರ್ಧ ದಾರಿ ಹೋಗಿತ್ತು. “ವಾಪಸ್ಸು ಕರೆಸಿದ್ದೇನೆ,” ಎಂದಳು. “ಎರಡು ಗಂಟೆ ತಡ. ಅವರಿದ್ದಾಗ ಹೀಗೆ ಆಗಿರಲಿಲ್ಲ.” ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

ರಿಮೋಟಿನಿಂದ ಏಳನೇ ಕಂಪ್ಯೂಟರ್ ಒಳಗೆ ಹೋಗಿ ನೋಡಿದೆ, ಎಲ್ಲ ಸರಿಯಾಗಿತ್ತು. ತಾರೀಖೂ ಸರಿ, ಪಟ್ಟಿಯೂ ಸರಿ. ತಲೆ ಕೆಟ್ಟು ಕೊನೆಗೆ ಸರ್‌ಗೆ ಫೋನ್ ಮಾಡಿದೆ. ಅವರಿಗೆ ಕಾಯಿಲೆ ಹತ್ತಿ ಹತ್ತನೆಯ ದಿನ. ಇಲ್ಲಿನ ಡಾಕ್ಟರು ಎಲ್ಲರಿಗೂ ಹೇಳುವಂತೆ ಪ್ಯಾರಾಸಿಟಮಾಲ್ ನುಂಗಿ ಮಲಗಿ ಎಂದಿದ್ದರು. ನಡುನಡುವೆ ಉಸಿರು ಎಳೆದುಕೊಳ್ಳುತ್ತಿದ್ದರು.

“ಏಳನೇದಾ? ಅದರ ಬ್ಯಾಟರಿ ಸತ್ತದ ತಮ್ಮಾ. ಕರೆಂಟ್ ಹೋತಂದ್ರ ಅದರ ಗಡಿಯಾರ ನಿಂತು ಬಿಡ್ತದ. ಮುಂಜಾನಿ ಎದ್ದಾಗ ಅದಕ್ಕ ಇನ್ನೂ ನಿನ್ನಿ ಸಂಜೀನಽ ಇರ್ತದ. ಇವತ್ತಾತವ್ವಾ ಅಂತ ನಾವಽ ಹೇಳಬೇಕು.”

“ನೆಟ್‌ವರ್ಕ್ ಬಂದ್ಮೇಲೆ ತಾನೇ ಸರಿ ಹೋಗುತ್ತಲ್ಲ ಸರ್?”

“ಹೋಗ್ತದ. ಅಷ್ಟರಾಗ ನಿನ್ನ ಪ್ರೋಗ್ರಾಮು ನಿನ್ನೀ ಪಟ್ಟಿ ಹಿಡಕೊಂಡು ಕುಂತಿರ್ತದ.” ಕೆಮ್ಮು ಬಂತು. ಕಾದೆ. “ನೀ ಅದನ್ನ ತಾನಽ ಏಳೂ ಹಂಗ ಮಾಡೀಯೇನು?”

“ಹೌದು ಸರ್. ಮನೇಲಿ ಇವಳು…”

“ಗೊತ್ತದ, ಗೊತ್ತದ. ಹುಷಾರಾಗಿರಬೇಕು.” ಮತ್ತೆ ಉಸಿರು ಎಳೆದುಕೊಂಡರು. “ಆದ್ರ ಅವಸರ ಮಾಡಬ್ಯಾಡ. ನಾ ಎದ್ದು ಬರ್ತೀನಿ. ಆಮ್ಯಾಲ ಇಬ್ಬರೂ ಕೂಡಿ ಮಾಡೂಣು. ಅಲ್ಲೀತನ ಯಾರಿಗೂ ಏನೂ ಹೇಳಾಕ ಹೋಗಬ್ಯಾಡ.”

ನಾನು ಹೂಂ ಎಂದೆ. ತನಗೆ ತಿಳಿಯದ ಕೆಲಸವನ್ನು ಕಿರಿಯನೊಬ್ಬ ಮಾಡಿಬಿಟ್ಟ ಎನ್ನುವ ಸಂಕೋಚ ಅವರದು ಎಂದು ಅರ್ಥ ಮಾಡಿಕೊಂಡೆ. ಬುದ್ಧಿವಂತರಿಗೆ ಮೂರು ಕಡೆ ಅನ್ನುತ್ತಾರಲ್ಲ, ಹಾಗೆ.

ಎರಡು ದಿನಕ್ಕೆ ಅವರನ್ನು ಆಂಬ್ಯುಲೆನ್ಸ್‌ನಲ್ಲಿ ಕರೆದುಕೊಂಡು ಹೋದರು. ನಾನು ಸಾರು ಅನ್ನ ತೆಗೆದುಕೊಂಡು ಅವರ ಮನೆಗೆ ಹೋದೆ. ಮಗಳು ಅರ್ಧ ಬಾಗಿಲು ತೆರೆದಳು. ಒಳಗೆ ಅವರ ಹೆಂಡತಿ ಕೆಮ್ಮುವುದು ಕೇಳಿಸುತ್ತಿತ್ತು. ನಾನು ಕನ್ನಡದಲ್ಲಿ ಕೇಳಿದೆ, ಅವಳು ಇಂಗ್ಲಿಷಿನಲ್ಲಿ ಹೇಳಿದಳು, ಪಪ್ಪನಿಗೆ ಆಕ್ಸಿಜನ್ ಕೊಟ್ಟಿದ್ದಾರೆ, ನೋಡಲು ಬಿಡುವುದಿಲ್ಲ. ಆಮೇಲೆ, “ಡಾಂಕ್ ಯೆ ವೆಲ್, ಅಂಕಲ್,” ಎಂದು ಡಚ್ಚಿನಲ್ಲಿ ಧನ್ಯವಾದ ಹೇಳಿ ಡಬ್ಬಿ ತೆಗೆದುಕೊಂಡಳು. ಅವಳ ಹಿಂದೆ ಗೋಡೆಗೆ ಪರೀಕ್ಷೆಯ ವೇಳಾಪಟ್ಟಿ ಅಂಟಿಸಿತ್ತು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅವರು ಆಸ್ಪತ್ರೆಯಲ್ಲಿದ್ದ ಆ ದಿನಗಳಲ್ಲೇ ನಾನು ಕೆಲಸವನ್ನು ಸರಿಯಾಗಿ ಮುಗಿಸಿದೆ. ಭಯಕ್ಕೂ ಇರಬಹುದು, ಕೈಯಲ್ಲಿ ಏನಾದರೂ ಇರಬೇಕಿತ್ತು. sleep 30 ಕಿತ್ತೆಸೆದೆ. ಮೂವತ್ತು ಸೆಕೆಂಡ್ ಎನ್ನುವುದು ನನ್ನ ಊಹೆ ಮಾತ್ರ, ಯಂತ್ರಕ್ಕೆ ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಲಿನಕ್ಸಿನಲ್ಲಿ ಎಲ್ಲ ಕೆಲಸಗಳನ್ನೂ ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಒಂದು ಸರ್ವಿಸ್ ಬರೆದೆ. ನೆಟ್‌ವರ್ಕ್ ಬರುವವರೆಗೆ ಕಾಯಬೇಕು. ಗಡಿಯಾರ ಹೊರಗಿನ ಸಮಯದೊಂದಿಗೆ ಹೊಂದಿಕೊಂಡಿದೆ ಎಂದು ಖಾತ್ರಿಯಾಗುವವರೆಗೆ ಕಾಯಬೇಕು. ಪಟ್ಟಿಯ ತಾರೀಖು ಇವತ್ತಿನದಲ್ಲದಿದ್ದರೆ ಏನನ್ನೂ ತೋರಿಸದೆ ಪರದೆಯನ್ನು ಕೆಂಪು ಮಾಡಬೇಕು. ಪ್ರೋಗ್ರಾಮ್ ಸತ್ತರೆ ಹತ್ತು ಸೆಕೆಂಡಿಗೆ ಮತ್ತೆ ಎಬ್ಬಿಸಬೇಕು. ಒಂದು ಬೆಳಗ್ಗೆ ಗೋದಾಮಿಗೆ ಹೋಗಿ ಒಂಬತ್ತಕ್ಕೂ ಹೊಸ ಬಟನ್ ಬ್ಯಾಟರಿ ಹಾಕಿದೆ. ಏಳನೆಯದರ ಬೆನ್ನಿನ ಮೇಲೆ ಒಣಗಿದ ಕುಂಕುಮದ ಬೊಟ್ಟು ಇತ್ತು. ಮುಚ್ಚಳ ಬಿಚ್ಚುವಾಗ ಅದು ಉದುರಿತು.

ಹನ್ನೊಂದು ಬೆಳಗ್ಗೆ, ಒಂದೂ ತಪ್ಪಿಲ್ಲ. ಹನ್ನೊಂದನೆಯ ದಿನ ವಾರದ ವಿಡಿಯೋ ಮೀಟಿಂಗ್ ಇತ್ತು. ನಮ್ಮ ಮ್ಯಾನೇಜರ್ ಒಳ್ಳೆಯ ಮನುಷ್ಯ, ಸರ್ ಅವರ ಆರೋಗ್ಯವನ್ನೇ ಮೊದಲು ವಿಚಾರಿಸಿದ. ಆಮೇಲೆ ನನ್ನನ್ನು ಕೇಳಿದ, “ಹಾಗಾದರೆ ಬೆಳಗ್ಗೆ ಅಲ್ಲಿ ಯಾರೂ ಇರಬೇಕಾಗಿಲ್ಲವೇ?”

ಆ ಪ್ರಶ್ನೆಯ ಹಿಂದೆ ಏನಿದೆ ಎನ್ನುವುದು ನನಗೆ ಗೊತ್ತಿತ್ತು. ಇದನ್ನು ಸ್ಪಷ್ಟವಾಗಿ ಬರೆಯಬೇಕು. ವಿಮಾನಗಳು ನಿಂತು ಕಂಪನಿಯ ಬೇರೆ ಗಿರಾಕಿಗಳು ಕಳಚಿಕೊಂಡಿದ್ದರು, ಖರ್ಚು ಕಡಿಮೆ ಮಾಡುವ ಮಾತು ಎಲ್ಲರ ಕಿವಿಗೂ ಬಿದ್ದಿತ್ತು. ಗೋದಾಮಿಗೆ ಬೆಳಗ್ಗೆ ಒಬ್ಬರು ಬೇಕು ಎನ್ನುವುದೇ ಸರ್ ಅವರ ಕುರ್ಚಿಯ ನಾಲ್ಕನೆಯ ಕಾಲಾಗಿತ್ತು. “ಇನ್ನೂ ಒಂದೆರಡು ತಿಂಗಳು ನೋಡೋಣ, ಚಳಿಯಲ್ಲಿ ನಂಬಲಾಗುವುದಿಲ್ಲ,” ಎಂದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಹಾಗೆ ಹೇಳಿದ್ದರೆ ಆ ಒಂದೆರಡು ತಿಂಗಳು ನೋಡಲು ಮೊದಲ ಬಸ್ಸು ಹಿಡಿಯಬೇಕಾದವನು ನಾನು. ಪಕ್ಕದ ಕೋಣೆಯಲ್ಲಿ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟು ಮಲಗಿದ್ದಳು. ಇದೊಂದೇ ಕಾರಣ ಎಂದು ಹೇಳಿ ಮುಗಿಸಿದರೆ ಚೆನ್ನಾಗಿರುತ್ತದೆ. ಇನ್ನೊಂದೂ ಇತ್ತು. ನನ್ನ ಕೆಲಸ ಚೆನ್ನಾಗಿ ಬಂದಿತ್ತು, ಅದನ್ನು ನಾಲ್ಕು ಜನ ನೋಡಲಿ ಎಂಬ ಆಸೆ.

“ಬೇಕಾಗಿಲ್ಲ,” ಎಂದೆ. ಕ್ಯಾಮೆರಾ ತಿರುಗಿಸಿ, ಊಟದ ಮೇಜಿನ ಮೇಲಿನ ಕಂಪ್ಯೂಟರ್ ಆರಿಸಿ ಆನ್ ಮಾಡಿ ತೋರಿಸಿದೆ. ಎಲ್ಲರೂ ಹೆಬ್ಬೆರಳಿನ ಚಿತ್ರ ಹಾಕಿದರು.

ಸರ್ ಮನೆಗೆ ಬಂದದ್ದು ಫೆಬ್ರವರಿ ನಡುವಿನಲ್ಲಿ. ಹತ್ತು ದಿನಕ್ಕೆ ಅವರಿಗೆ ಪತ್ರ ಬಂತು, ಕಾಂಟ್ರಾಕ್ಟ್ ಮುಂದುವರಿಸುವುದಿಲ್ಲ ಎಂದು. ಮ್ಯಾನೇಜರ್ ಅದನ್ನು ಮೀಟಿಂಗಿನಲ್ಲಿ ಹೇಳಿದಾಗ ನಾನು ಕ್ಯಾಮೆರಾ ಆರಿಸಿದೆ. ನೆಟ್‌ವರ್ಕ್ ತೊಂದರೆ ಎಂದು ಚಾಟ್‌ನಲ್ಲಿ ಬರೆದೆ.

ಮಾರ್ಚ್ ಕೊನೆಯ ವಾರ ಅವರು ಬ್ಯಾಡ್ಜ್ ಹಿಂದಿರುಗಿಸಲು ಗೋದಾಮಿಗೆ ಬರುತ್ತೇನೆಂದರು, ಬೆಳಗ್ಗೆ ಐದೂವರೆಗೇ. ನಾನೂ ಹೋದೆ. ಜಾಕೆಟ್ ಅವರ ಮೈಮೇಲೆ ಬೇರೆಯವರದ್ದೆಂಬಂತೆ ಜೋತಾಡುತ್ತಿತ್ತು. ಬಸ್ ಸ್ಟಾಪಿನಿಂದ ಬರುವಾಗ ಎರಡು ಸಲ ನಿಂತರು. ಸೂಪರ್‌ವೈಸರ್ ಅವರಿಗೆ ಮಾತ್ರ ಕಾಫಿ ತಂದು ಕೊಟ್ಟಳು. ಆಮೇಲೆ ಮೇನ್ ಸ್ವಿಚ್ ಎತ್ತಿದಳು.

ಒಂದನೆಯದು ಹತ್ತಿತು. ಎರಡು, ಮೂರು, ಐದು, ನಾಲ್ಕು. ಸರ್ ಕಾಫಿ ಲೋಟ ಹಿಡಿದುಕೊಂಡು ನೋಡುತ್ತಿದ್ದರು. ಬಲಗೈ ಬೆರಳುಗಳು ಲೋಟದ ಮೇಲೆ ಸಣ್ಣಗೆ ಆಡುತ್ತಿದ್ದವು, ಟೈಪ್ ಮಾಡುವಂತೆ. ಏಳನೆಯದು ಕೊನೆಗೆ ಬಂತು. ತಾರೀಖು ಸರಿಯಾಗಿತ್ತು.

“ಬ್ಯಾಟರಿ ಹಾಕ್ಸಿದೇನು?”

“ಹಾಕಿದೆ ಸರ್.”

“ಚಲೋ ಮಾಡಿದಿ,” ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆ. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಕೊನೆಗೆ “ಬಸ್ಸಿಗೆ ಟೈಮಾಯ್ತು ಸರ್,” ಎಂದೆ.

ಅವರು ಮೂರು ತಿಂಗಳು ಹುಡುಕಿದರು. ಎರಡು ಹೆಜ್ಜೆಗೆ ಏದುಸಿರು ಬಿಡುವ ಐವತ್ತರ ಮನುಷ್ಯನಿಗೆ ಆ ವರ್ಷ ಯಾರು ಕೆಲಸ ಕೊಡುತ್ತಾರೆ. ಮಗಳು ಪರೀಕ್ಷೆ ಬರೆದಳು, ಒಳ್ಳೆಯ ಅಂಕವೂ ಬಂತಂತೆ. ಜೂನ್ ಕೊನೆಗೆ ಮೂವರೂ ವಿಮಾನ ಹತ್ತಿದರು. ಡೆಲ್ಫ್ಟ್ ಅಲ್ಲಿಗೇ ಉಳಿಯಿತು.

ಜುಲೈಯಲ್ಲಿ ಆಫೀಸಿನಿಂದ ನನಗೊಂದು ಕೆಲಸ ಬಂತು. ಬಿಟ್ಟು ಹೋದವರ ಅಕೌಂಟುಗಳನ್ನು ಅಳಿಸಬೇಕು, ಅಳಿಸುವ ಮುಂಚೆ ಅದರಲ್ಲಿ ಕಂಪನಿಯದ್ದೇನಾದರೂ ಇದೆಯೇ ಎಂದು ನೋಡಬೇಕು. ಒಂದನೇ ಬಾಗಿಲಿನ ಕಂಪ್ಯೂಟರಿನಲ್ಲಿ ಸರ್ ಅವರ ಫೋಲ್ಡರನ್ನು ಆ ದಿನ ಮೊದಲ ಬಾರಿ ತೆರೆದೆ. ಫೋಟೋ ಇಲ್ಲ, ಹಾಡಿಲ್ಲ. ಆಟೋಸ್ಟಾರ್ಟ್ ಎನ್ನುವ ಉಪಫೋಲ್ಡರಿನಲ್ಲಿ ಒಂದು ಫೈಲ್, ಅದರ ಪಕ್ಕದಲ್ಲಿ ಒಂದು ಸ್ಕ್ರಿಪ್ಟ್.

ಓದುತ್ತಾ ಹೋದೆ. ನೆಟ್‌ವರ್ಕಿಗೆ ಕಾಯುವುದಿತ್ತು. ಗಡಿಯಾರ ಹೊಂದುವವರೆಗೆ ಕಾಯುವುದಿತ್ತು. ಪಟ್ಟಿಯ ತಾರೀಖು ತಪ್ಪಿದ್ದರೆ ಪರದೆ ಕೆಂಪಾಗುವುದಿತ್ತು. ಒಂದನೆಯದು ಎದ್ದ ಮೇಲೆ ಉಳಿದ ಎಂಟನ್ನೂ ಅಲ್ಲಿಂದಲೇ ಎಬ್ಬಿಸುವ ವ್ಯವಸ್ಥೆ, ನನ್ನದಕ್ಕಿಂತ ಅಚ್ಚುಕಟ್ಟು. ಫೈಲಿನ ತಾರೀಖು ಅವರು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದ್ದು. ಪಕ್ಕದ ಲಾಗ್ ನೋಡಿದೆ. ಅದು ಒಂದೇ ಒಂದು ಬೆಳಗ್ಗೆ ಓಡಿತ್ತು, ಒಂಬತ್ತೂ ಬಾಗಿಲು ಸರಿ ಎಂದು ಬರೆದಿತ್ತು. ಮರುದಿನದಿಂದ ಏನೂ ಇಲ್ಲ. ಆಟೋಸ್ಟಾರ್ಟ್ ಫೈಲಿನ ಕೊನೆಯ ಸಾಲಿನಲ್ಲಿ enabled=false, ಓಡಬೇಡ, ಎಂದಿತ್ತು. ಅವರೇ ಕೈಯಾರೆ ಆರಿಸಿ, ಮರುದಿನದಿಂದ ಎರಡು ವರ್ಷ ಮೊದಲ ಬಸ್ಸು ಹಿಡಿದಿದ್ದರು.

ಸ್ಕ್ರಿಪ್ಟನ್ನು ಇನ್ನೊಮ್ಮೆ ಮೊದಲಿನಿಂದ ಓದಿದೆ. ಆಮೇಲೆ ಅಕೌಂಟ್ ಅಳಿಸಿ, ಕೆಲಸ ಮುಗಿಯಿತು ಎಂದು ಬರೆದೆ.

ನನ್ನ ಮಗಳು ಹುಟ್ಟಿ ಆಗಲೇ ಮೂರು ತಿಂಗಳಾಗಿತ್ತು. ಅವಳ ಫೋಟೋ ನೋಡಿ ಆಗಸ್ಟಿನಲ್ಲಿ ಒಂದು ಭಾನುವಾರ ಸರ್ ಫೋನ್ ಮಾಡಿದರು. ಹೆಸರೇನಿಟ್ಟಿರಿ, ಬಾಣಂತಿ ಹೇಗಿದ್ದಾಳೆ, ಎಲ್ಲ ಕೇಳಿದರು. ಹುಬ್ಬಳ್ಳಿಯ ಕಾಲೇಜಿನಲ್ಲಿ ಮಗಳಿಗೆ ಸೀಟು ಸಿಕ್ಕಿದೆ, ಆದರೆ ಅವಳು ಮನೆಯಲ್ಲಿ ಹೆಚ್ಚು ಮಾತಾಡುತ್ತಿಲ್ಲ ಎಂದರು. ಮಾತು ಮುಗಿಯಿತು ಅಂದುಕೊಳ್ಳುವಾಗ ಕೇಳಿದರು:

“ನನ್ನ ಅಕೌಂಟ್ ತಗದ್ರೇನು?”

“ತೆಗೆದೆ ಸರ್. ನಾನೇ ತೆಗೆದೆ.”

“ತಗಿಯೂ ಮುಂದ ನೋಡಿದೇನು, ಒಳಗ?”

“ನೋಡಿದೆ ಸರ್.”

ಆ ಕಡೆ ಅವರು ಒಮ್ಮೆ ಕೆಮ್ಮಿದರು, ಇನ್ನೂ ಪೂರ್ತಿ ವಾಸಿಯಾಗದ ಕೆಮ್ಮು.

“ಆತು ಬಿಡು,” ಎಂದರು. “ಕೂಸಿನ್ನ ಚಂದ ನೋಡ್ಕೋ.”